ಬೀರುವಿನ ಹಿಂದಿನ ಗೋಡೆ

ನೋಂದಣಿ ಕಚೇರಿಯ ಬೆಂಚಿನ ಮೇಲೆ ತನ್ನ ಸರದಿಗಾಗಿ ಕಾಯುತ್ತಿದ್ದ ದರ್ಜಿಯ ಪಕ್ಕದಲ್ಲಿ ಗಂಡಹೆಂಡತಿ ಕೂತಿದ್ದರು. ಹಳೆಯದೊಂದು ಮಣ್ಣುಗೋಡೆಯ ಮನೆ ಕೊಳ್ಳಲು ಬಂದವರೆಂದು ಮಾತಿನಿಂದಲೇ ತಿಳಿಯಿತು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ವಾಲಿತು.

"ನಿನ್ನೆ ನಾನೊಬ್ಬಳೇ ಮತ್ತೆ ಹೋಗಿದ್ದೆ," ಎಂದಳು ಹೆಂಡತಿ.

"ಯಾಕೆ? ನೋಡಿದ್ದಾಗಿತ್ತಲ್ಲ."

"ಅತ್ತೆಗೆ ಅಂತ ನೋಡಿದ್ವಲ್ಲ, ಆ ಕೋಣೆಯ ಬೀರು ಸರಿಸಿದೆ. ಹಿಂದಿನ ಗೋಡೆ ಒದ್ದೆಯಾಗಿತ್ತು. ಸ್ಕ್ರೂಡ್ರೈವರ್ ಚುಚ್ಚಿದ್ರೆ ಹಿಡಿವರೆಗೂ ಒಳಗೆ ಹೋಯ್ತು."

"ಮಣ್ಣು ಅಂದ್ಮೇಲೆ ಸ್ವಲ್ಪ ಮೆತ್ತಗಿರುತ್ತೆ ಕಣೇ."

"ಉಳಿದ ಗೋಡೆಗಳು ಕಲ್ಲಿನ ಹಾಗಿವೆ. ಇದೊಂದಕ್ಕೇ ಹೊರಗಡೆ ಸಿಮೆಂಟ್ ಬಳಿದಿದ್ದಾರೆ. ನೀರು ಹೊರಗೆ ಬರೋಕೆ ದಾರಿಯಿಲ್ಲದೆ ಒಳಗೇ ಕೂತಿದೆ."

"ನಿನಗೆ ಆ ಮನೆ ಮೊದಲಿಂದ್ಲೂ ಇಷ್ಟ ಇರಲಿಲ್ಲ ಬಿಡು."

"ಇಷ್ಟ ಇತ್ತು. ಅದಕ್ಕೇ ಮತ್ತೆ ಹೋಗಿದ್ದು."

ಗಂಡ ಕಾಗದಗಳ ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದ.

"ಇಷ್ಟು ದೂರ ಬಂದು ಈಗ ಹೇಳ್ತೀಯಲ್ಲ."

"ರಾತ್ರಿಯೇ ಹೇಳೋಕೆ ಬಂದೆ. ನೀವು ಆ ಕಡೆ ತಿರುಗಿ ಮಲಗಿದ್ರಿ."

ಗುಮಾಸ್ತ ಅವರ ಸಂಖ್ಯೆ ಕೂಗಿದ. ಕಿಟಕಿಯ ಬಳಿ ಮನೆ ಮಾರುವವರು ಆಗಲೇ ಪೆನ್ನು ತೆಗೆದು ನಿಂತಿದ್ದರು.

"ನೀವು ಸಹಿ ಹಾಕಿದ್ರೆ ನಾನೂ ಹಾಕ್ತೀನಿ," ಎಂದಳು ಅವಳು ಮೆಲ್ಲಗೆ. "ಆದ್ರೆ ಆ ಗೋಡೆ ಪಕ್ಕದಲ್ಲಿ ನಾವಿಬ್ರೂ ಮಲಗೋಣ. ಅತ್ತೇನ ಮಲಗಿಸೋದು ಬೇಡ."

ಗಂಡ ಎದ್ದು ಕಿಟಕಿಯ ಬಳಿ ಹೋದ. ದರ್ಜಿ ಕತ್ತು ಚಾಚಿ ನೋಡಿದ.

"ಯಜಮಾನ್ರೇ, ಇವತ್ತು ಸಹಿ ಬೇಡ," ಎಂದ ಗಂಡ. "ಮೊದಲು ಆ ಸಿಮೆಂಟ್ ಕೆತ್ತಿಸಿ, ಒಳಗೆ ಗೋಡೆ ಎಷ್ಟು ಉಳಿದಿದೆ ನೋಡೋಣ."

ಮಾರುವವರು ಯಾವ ಸಿಮೆಂಟ್ ಎಂದು ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಮೆಟ್ಟಿಲಿಳಿದರು. ಗಂಡಹೆಂಡತಿ ಅವರ ಹಿಂದೆಯೇ ಇಳಿದುಹೋದರು.