ಕನ್ನಡ ಮೇಷ್ಟ್ರಿಲ್ಲದ ಶಾಲೆ

ತಮಿಳುನಾಡಿನ ಗಡಿಯ ಬಾಗಲೂರಿನಲ್ಲಿ ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದ ಚಂದ್ರಲೇಖಾಳ ಪಕ್ಕದಲ್ಲೇ ನಾರಾಯಣಮ್ಮ ತನ್ನೂರಿನ ಮುತ್ತರಾಯಪ್ಪನನ್ನು ತಡೆದು ನಿಲ್ಲಿಸಿದಳು.

“ಎಮ್ಮೆಲ್ಲೆ ಏನಂದ್ರಣ್ಣ? ನಮ್ ಸ್ಕೂಲಿಗೆ ಕನ್ನಡ ಮೇಷ್ಟ್ರು ಬತ್ತಾರಾ?”

“ವಿಧಾನಸಭೇಲಿ ಕೇಳಿದ್ರಂತೆ ಕಣಮ್ಮ. ಮಂತ್ರಿಗಳು ಮಕ್ಳು ಕಮ್ಮಿ ಅಂದ್ಬುಟ್ರಂತೆ.”

“ಮೇಷ್ಟ್ರಿಲ್ದೆ ತಾನೆ ಮಕ್ಳು ಬಿಟ್ಟೋಗಿದ್ದು?”

“ಅದನ್ನೂ ಹೇಳ್ದೆ. ‘ನಾನು ವಿರೋಧ ಪಕ್ಷದೋನು, ನನ್ನ ಮಾತು ಯಾರು ಕೇಳ್ತಾರೆ’ ಅಂದ್ರು ಎಮ್ಮೆಲ್ಲೆ.”

“ಹೋದ್ಸಲ ಆಳೋ ಪಕ್ಷದೋರ್ನೇ ಗೆಲ್ಸಿದ್ವಲ್ಲ?”

“ಅವ್ರು ಕೈಗೇ ಸಿಗ್ಲಿಲ್ಲ.”

ಅಂಥದೇ ಕನ್ನಡ ಶಾಲೆಯಲ್ಲಿ ಓದಿದ್ದ ಚಂದ್ರಲೇಖಾ ಅವರತ್ತ ತಿರುಗಿದಳು.

“ಮೊಮ್ಮಗಳನ್ನ ಏನ್ ಮಾಡ್ಲಣ್ಣ?”

“ತಮಿಳು ಸ್ಕೂಲಿಗೆ ಹಾಕು.”

“ನಮ್ ಸ್ಕೂಲು ಮುಚ್ಚೋಗ್ತದಲ್ಲ?”

“ಓಟಿನ ದಿನ ತೆಗೀತಾರೆ ಬಿಡಮ್ಮ. ಬೂತು ಅದೇ ಅಲ್ವಾ?”

ಹೊಸೂರಿನ ಟೌನ್ ಬಸ್ಸು ಬಂತು. ನಾರಾಯಣಮ್ಮ, ಮುತ್ತರಾಯಪ್ಪ ಇಬ್ಬರೂ ಹತ್ತಿಕೊಂಡರು.