ಹಂಪಿ ಛತ್ರದ ಬೆಳಗಿನ ಜಾಗಟೆ ಕುರಿತು ಪೇದೆ ಮರಿಸ್ವಾಮಿ ಬರೆಸಿದ್ದು

ಹೆಸರು: ಮರಿಸ್ವಾಮಿ. ತಂದೆಯ ಹೆಸರು: ಜಡೆಪ್ಪ. ವಯಸ್ಸು: 51. ಉದ್ಯೋಗ: ಪೊಲೀಸ್ ಪೇದೆ, ನಂಬರು 318. ವಾಸ: ಹಂಪಿ ಬಜಾರ್ ಹೊರಠಾಣೆ, ಹೊಸಪೇಟೆ ತಾಲ್ಲೂಕು, ಬಳ್ಳಾರಿ ಜಿಲ್ಲೆ.

ಯಾರೂ ಕರೆಸದೆ, ಯಾರ ಒತ್ತಾಯವೂ ಇಲ್ಲದೆ ಈ ದಿನ ಹೊಸಪೇಟೆ ಠಾಣೆಗೆ ನಡೆದು ಬಂದು ಸರ್ಕಲ್ ಸಾಹೇಬರ ಮುಂದೆ ನಾನು ಬರೆಸುವುದೇನೆಂದರೆ:

ಹಂಪಿ ಹೊರಠಾಣೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ನನ್ನ ಹೆಂಡತಿ ಎರ್ರಮ್ಮ ತೀರಿಕೊಂಡು ಆರು ವರ್ಷ. ಜೊತೆಗಿದ್ದ ಪೇದೆ ಉಚ್ಚೆಂಗಪ್ಪನಿಗೆ ಎರಡು ವರ್ಷದ ಹಿಂದೆ ಕಂಪ್ಲಿಗೆ ವರ್ಗವಾಯಿತು. ಅವನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಅಂದಿನಿಂದ ನಾನೊಬ್ಬನೇ. ಮಂಡಾಳು, ಅಂದರೆ ಮಂಡಕ್ಕಿ, ಮಾರುವ ದ್ಯಾಮಕ್ಕ ಮಧ್ಯಾಹ್ನ ಎದುರು ಬಂದು ನಿಂತು ನಾಲ್ಕು ಮಾತಾಡುತ್ತಾಳೆ. ಉಳಿದ ಹೊತ್ತು ನಾನೇ ಮಾತಾಡಿಕೊಳ್ಳುತ್ತೇನೆ. ನನ್ನ ಮಾತು ನನಗೆ ಚೆನ್ನಾಗಿಯೇ ಕೇಳುತ್ತಿತ್ತು.

ಹೊರಠಾಣೆಯಿಂದ 140 ಗಜ ದೂರದಲ್ಲಿ ಯಾತ್ರಿಕರ ಛತ್ರವಿದೆ. ಆರು ಗಂಟೆಯ ಮೋಟಾರು ಯಾರಿಗೂ ತಪ್ಪದಿರಲೆಂದು ಅಲ್ಲಿನ ಕಾವಲುಗಾರ ದೊಡ್ಡಬಸಪ್ಪ ಬೆಳಿಗ್ಗೆ ಐದಕ್ಕೆ ಜಾಗಟೆ ಬಡಿಯಬೇಕು. ಛತ್ರದ ಯಜಮಾನರು ಇರುವುದು ಹೊಸಪೇಟೆಯಲ್ಲಿ, ಹಂಪಿಗೆ ಬರುವುದು ತಿಂಗಳಿಗೊಮ್ಮೆ. ಆದ್ದರಿಂದ ಹೋದ ಜನವರಿ 20ರಂದು ಕಾಗದ ಬರೆದು, ಇನ್ನು ಮೇಲೆ ಜಾಗಟೆ ಆಯಿತೋ ಇಲ್ಲವೋ ಠಾಣೆಯ ಪುಸ್ತಕದಲ್ಲಿ ಬರೆದಿಡಿ ಎಂದು ಕೇಳಿಕೊಂಡಿದ್ದರು. ಬರೆಯುವ ವಿಷಯದಲ್ಲಿ ನಾನು ಭಾರೀ ಕಟ್ಟುನಿಟ್ಟು. ಮರುದಿನದಿಂದ ತಿಂಗಳ ಕೊನೆವರೆಗೆ ಹನ್ನೊಂದು ದಿನ ನಾಲ್ಕೂಮುಕ್ಕಾಲಿಗೇ ಎದ್ದು ಕೂತು ಕಾದೆ. ಏನೂ ಕೇಳಲಿಲ್ಲ. ಹನ್ನೊಂದು ದಿನವೂ 'ಜಾಗಟೆ ಇಲ್ಲ' ಎಂದು ಬರೆದೆ.

ಫೆಬ್ರವರಿ 1ರಂದು ಯಜಮಾನರು ಬಂದು ಪುಸ್ತಕ ನೋಡಿ ಅಲ್ಲೇ ದೊಡ್ಡಬಸಪ್ಪನನ್ನು ಕೆಲಸದಿಂದ ತೆಗೆದರು. ಅವನದು ಹತ್ತೊಂಬತ್ತು ವರ್ಷದ ಕೆಲಸ. ದ್ಯಾಮಕ್ಕನನ್ನಾಗಲಿ ಮತ್ತೊಬ್ಬರನ್ನಾಗಲಿ ಯಾರೂ ಕೇಳಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವನು ನನ್ನ ಮೆಟ್ಟಿಲ ಹತ್ತಿರ ಬಂದು, "ಪೊಲೀಸಪ್ಪ, ದಿನಾ ಬಡದೀನ್ರೀ, ಒಂದಿನಾನೂ ತಪ್ಪಿಸಿಲ್ಲ" ಎಂದನು. ಕೇಳಿದ್ದರೆ ಬರೆಯುತ್ತಿದ್ದೆ, ಕೇಳಿಲ್ಲ, ಸುಳ್ಳು ಬರೆಯುವವ ನಾನಲ್ಲ ಎಂದೆನು. ಅವನು ಗಂಟು ಕಟ್ಟಿಕೊಂಡು ಮಲಪನಗುಡಿಗೆ ಮಗಳ ಮನೆಗೆ ಹೋದನು.

ನಿನ್ನೆ, ಅಂದರೆ 10ನೇ ತಾರೀಖು ಸೋಮವಾರ, ಹೊಸಪೇಟೆಯಲ್ಲಿ ವರ್ಷದ ದೇಹಪರೀಕ್ಷೆ ಇತ್ತು. ಅರ್ಧ ಮೈಲಿ ಓಡಿದೆ. ಎದೆ ಅಳೆದರು, ಸರಿಯಿತ್ತು. ಕಣ್ಣು ಸರಿಯಿತ್ತು. ಹನ್ನೊಂದೂವರೆಗೆ ಡಾಕ್ಟರು ನನ್ನ ಹಿಂದೆ ನಿಂತು ತಮ್ಮ ಜೇಬುಗಡಿಯಾರವನ್ನು ಒಂದೊಂದೇ ಕಿವಿಗೆ ಹಿಡಿದು, ಮುಂದೆ ಬಂದು ಕೇಳಿಸಿತೇ ಎಂದರು. ಏನೂ ಕೇಳಿಸಿರಲಿಲ್ಲ. ಪಾಪ, ಕೀಲಿ ಕೊಡಲು ಮರೆತಿದ್ದಾರೆ, ಎಲ್ಲರೆದುರು ದೊಡ್ಡವರ ಮರ್ಯಾದೆ ಯಾಕೆ ಕಳೆಯಬೇಕೆಂದು, "ಕೇಳ್ತದ್ರೀ" ಎಂದುಬಿಟ್ಟೆ. ಅವರು ಗಡಿಯಾರವನ್ನು ಮೇಜಿನ ಮೇಲಿಟ್ಟರು. ಅದರ ಸೆಕೆಂಡಿನ ಮುಳ್ಳು ಓಡುತ್ತಿತ್ತು.

ಆಮೇಲೆ ಅವರು ಇಪ್ಪತ್ತು ಅಡಿ ಹಿಂದೆ ನಿಂತು ಮೆಲ್ಲಗೆ ಅಂಕಿ ಹೇಳಿದರು. ಎದುರಿನ ಬೀರುವಿನ ಗಾಜಿನಲ್ಲಿ ಅವರ ಬಾಯಿ ಕಾಣುತ್ತಿತ್ತು. ಐದಕ್ಕೆ ಐದೂ ಸರಿಯಾಗಿ ಹೇಳಿದೆ. ನಾನು ಬಾಯಿ ನೋಡಿ ಮಾತು ತಿಳಿಯುತ್ತೇನೆಂಬುದು ನನಗೇ ಗೊತ್ತಾದದ್ದು ಆಗ. ಕಾಗದದಲ್ಲಿ 'ಕಿವಿ ಚೆನ್ನಾಗಿದೆ' ಎಂದು ಬರೆದರು. ನಾನು ಸುಮ್ಮನಿದ್ದೆ. ಇದು ನನ್ನ ತಪ್ಪು.

ಎಂಟು ಮೈಲಿ ನಡೆದು ಹಿಂತಿರುಗಿದೆ. ಮೊದಲು ಹೊರಠಾಣೆಗೆ ಕೇಳುತ್ತಿದ್ದ ಹೊಳೆಯ ಸದ್ದು ಯಾವಾಗ ನಿಂತಿತೆಂದು ದಾರಿಯುದ್ದಕ್ಕೂ ಯೋಚಿಸಿದೆ, ನೆನಪಾಗಲಿಲ್ಲ. ಉಚ್ಚೆಂಗಪ್ಪ ಹೋದ ಮೇಲೆ ಊರೇ ಹೀಗೆ ಸದ್ದಡಗಿದೆ ಎಂದುಕೊಂಡಿದ್ದೆ. ಮಾತಾಡಿಸುವವರು ಇದ್ದಿದ್ದರೆ ಎರಡು ವರ್ಷದ ಹಿಂದೆಯೇ ಯಾರಾದರೂ ಬೈದು ಹೇಳುತ್ತಿದ್ದರು.

ಈ ದಿನ ಬೆಳಿಗ್ಗೆ ಐದಕ್ಕೆ ಛತ್ರಕ್ಕೆ ಹೋದೆ. ದೊಡ್ಡಬಸಪ್ಪ ಹೋದಂದಿನಿಂದ ಅಲ್ಲಿ ಯಾರೂ ಜಾಗಟೆ ಬಡಿದಿರಲಿಲ್ಲ. ಕೊಡತಿ ಎತ್ತಿ ಐದು ಸಲ ಬಡಿದೆ. ಮೊಣಕೈವರೆಗೆ ಜುಮ್ಮೆಂದಿತು. ಸದ್ದು ಕಂಬಳಿಯೊಳಗಿಂದ ಬಂದಷ್ಟೇ. ಆದರೆ ಬಾಗಿಲುಗಳು ತೆರೆದವು, ಜನ ತಂಬಿಗೆ ಹಿಡಿದು ಹೊರಗೆ ಬಂದರು. ಬಜಾರಿನ ಆಚೆ ತುದಿಯಿಂದ ದ್ಯಾಮಕ್ಕ ಬಂದು ಎದುರು ನಿಂತಳು. "ಯಪ್ಪಾ, ಅಂವ ದಿನಾ ಹಿಂಗ ಬಡೀತಿದ್ದ, ನೀವ ಇಲ್ಲ ಅಂತ ಬರದ್ರಿ" ಎಂದಳು.

ಏಳೂ ಹತ್ತಕ್ಕೆ ಹೊರಟು ಮಲಪನಗುಡಿಯಲ್ಲಿ ದೊಡ್ಡಬಸಪ್ಪನನ್ನು ಕಂಡೆ. ನಿನ್ನದೇನೂ ತಪ್ಪಿಲ್ಲ, ನನ್ನ ಕಿವಿ ಹೋಗಿದೆ ಎಂದೆ. ಅವನು ಗೋಡೆ ಕಡೆ ಮುಖ ಮಾಡಿ ಬಹಳ ಹೊತ್ತು ಏನೋ ಹೇಳಿದನು. ಬೈದನೋ, ಕ್ಷಮಿಸಿದನೋ ನನಗೆ ತಿಳಿಯದು. ಇನ್ನೊಮ್ಮೆ ಹೇಳು ಎನ್ನದೆ ಅಲ್ಲಿಂದ ಹೊಸಪೇಟೆಗೆ ನಡೆದೆ.

ನನಗೆ ಪಿಂಚಣಿಗೆ ಇನ್ನು ಹದಿನಾಲ್ಕು ತಿಂಗಳಿದೆ. ಇದನ್ನು ಬರೆಸಿದರೆ ಅಷ್ಟು ದಿನ ಈ ಉಡುಪು ಮೈಮೇಲೆ ಉಳಿಯುವುದಿಲ್ಲವೆಂದು ಗೊತ್ತು. ಆದರೂ ಹನ್ನೊಂದು ದಿನದ ಬರಹ ಹೊಡೆದುಹಾಕಿ, ದೊಡ್ಡಬಸಪ್ಪನ ಕೆಲಸ ಅವನಿಗೆ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಈ ಹೇಳಿಕೆಯನ್ನು ಬರೆದುಕೊಂಡ ಠಾಣೆಯ ರೈಟರ್ ಗೋಪೀನಾಥರಾಯರು ನನಗೆ ಓದಿ ಹೇಳಿದರು. ಅವರು ಕಾಗದದ ಮೇಲೆ ಬಗ್ಗಿ ಓದಿದ್ದರಿಂದ ಬಾಯಿ ಕಾಣಲಿಲ್ಲ, ಒಂದು ಮಾತೂ ಕೇಳಲಿಲ್ಲ. ಕಾಗದ ಇಸಿದುಕೊಂಡು ನಾನೇ ಓದಿದೆ. ಇರುವುದೆಲ್ಲ ನಿಜ.

ಸ್ಥಳ: ಹೊಸಪೇಟೆ
ತಾರೀಖು: 11-2-1936
(ಸಹಿ) ಮರಿಸ್ವಾಮಿ, ಪೇದೆ 318