ವಾಣಿಶ್ರೀಯ ಚೀಟಿ

ಅಧ್ಯಕ್ಷರೇ, ದಂತವೈದ್ಯೆ ಶೀಲಾ ಮೇಡಂ ಅವರೇ, ನಿವೃತ್ತಿಯಾದರೂ ಕರೆದಾಗ ಬರುವ ಉಳಿವೆಪ್ಪ ಮಾಸ್ತರರೇ, ನೆಲದ ಮೇಲೆ ಕುಳಿತ ಮಕ್ಕಳೇ, ಬಾಗಿಲಲ್ಲೇ ನಿಂತ ತಾಯಂದಿರೇ, ಸಭಿಕರೇ,

ನಮ್ಮ ತಿಳವಳ್ಳಿ ಶಾಲೆಯ ಹಲ್ಲಿನ ತಪಾಸಣೆ ಶಿಬಿರದ ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ವಂದನಾರ್ಪಣೆ ಉದ್ದವಾದರೆ ಉಪ್ಪಿಟ್ಟು ಆರುತ್ತದೆ ಎಂಬುದಷ್ಟೇ ನನಗೆ ಗೊತ್ತು.

ಸ್ವಾಗತ ಭಾಷಣ ಮಾಡಿದ ಮುಜಾಫರನಿಗೆ ವಂದನೆಗಳು. ಎಷ್ಟು ಸ್ಪಷ್ಟವಾಗಿ ಮಾತಾಡಿದ! ಆರು ವರ್ಷದ ಹಿಂದೆ, ನಾನು ಶಾಲಾ ಸಮಿತಿಯ ಅಧ್ಯಕ್ಷನಾಗಿದ್ದಾಗ, ಇದೇ ಮೇಡಂ ಬಂದಿದ್ದರು. ಒಂಬತ್ತು ವರ್ಷದ ಮುಜಾಫರನ ಕೆಳದವಡೆ ಮುಂದೆ ಬರುತ್ತಿತ್ತು. ಎಲುಬು ಎಳೆಯದಾಗಿರುವಾಗಲೇ ತಿದ್ದಿಸಿ ಎಂದು ಚೀಟಿ ಬರೆದುಕೊಟ್ಟರು. ಅವನ ತಂದೆ ಖಾದರಸಾಬರು ಹುಬ್ಬಳ್ಳಿಗೆ ಕರೆದೊಯ್ದರು. ಹುಡುಗ ಹಣೆಗೂ ಗದ್ದಕ್ಕೂ ಪಟ್ಟಿ ಇಟ್ಟು, ಬಾಯಿಗೆ ರಬ್ಬರು ಹಾಕಿಸಿಕೊಂಡು ಬಂದ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ನಕ್ಕವನು ನಾನೇ.

"ಏನ್ರಿ ಖಾದರಸಾಬ, ರಾಶಿ ತುಳಿಯೋ ಎತ್ತಿಗೆ ಕಟ್ಟಿದಂಗ ಮಗನ ಬಾಯಿಗೆ ಕುಕ್ಕಿ ಕಟ್ಟೀರಲ್ಲ!"

"ನಗ್ರಿ ಅಧ್ಯಕ್ಷರ. ನಾಳೆ ನನ್ನ ಮಗ ಕಟಕ ರೊಟ್ಟಿ ಕಡಿಯೂಮುಂದ ನಾ ನಗತೇನಿ."

ಅವರು ಇವತ್ತು ಮುಂದಿನ ಸಾಲಿನಲ್ಲಿದ್ದಾರೆ. ನಗುತ್ತಿಲ್ಲ. ಅದಕ್ಕೂ ವಂದನೆಗಳು.

ಮೇಡಂ ಅವರಿಗೆ ಏನು ಹೇಳಲಿ? ಇಂದು ಬೆಳಿಗ್ಗೆ ನನ್ನ ಮಗಳು ವಾಣಿಶ್ರೀಯ ಬಾಯಿ ನೋಡಿದರು. ಅವಳಿಗೀಗ ಹದಿನೈದು. ಅವಳ ಕೆಳದವಡೆಯೂ ಮುಂದೆ ಬಂದಿದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾಳೆ. ಮಾತಾಡುವಾಗ ಬಾಯಿಗೆ ವೇಲು ಹಿಡಿಯುತ್ತಿದ್ದಳು, ಈಗೀಗ ಮಾತೇ ಇಲ್ಲ. ಮೇಡಂ ಹಳೆಯ ವಹಿ ತಿರುವಿದರು.

"ಇಕಿಗೂ ಆಗ ಚೀಟಿ ಬರದಿದ್ದೆ. ಮುಟ್ಟಲಿಲ್ಲೇನ್ರಿ?"

"ಇಲ್ಲರಿ," ಎಂದೆ.

"ತಡಾ ಆತರಿ. ಇನ್ನ ಬೆಳವಣಿಗಿ ನಿಂತ ಮ್ಯಾಲೆ ಎಲುಬು ಕೊಯ್ದು ಹಿಂದ ಸರಸಬೇಕಾಗತೈತಿ."

ಅಂದು ಚೀಟಿ ಹಂಚಿದವರು ಉಳಿವೆಪ್ಪ ಮಾಸ್ತರರು. ನನ್ನ ಮಗಳು ತಿರುಗಿ ಅವರನ್ನು ನೋಡಿದಳು. ಆ ನೋಟ ನನಗೆ ಬರಬೇಕಾಗಿತ್ತು. ಮಾಸ್ತರರು ತಲೆ ತಗ್ಗಿಸಿ ಇಂದಿನ ಚೀಟಿಗಳನ್ನು ಜೋಡಿಸತೊಡಗಿದರು.

ಸಭಿಕರೇ, ಚೀಟಿ ಮುಟ್ಟಿತ್ತು. ಮಾಸ್ತರರು ಸಂಜೆ ಮನೆಗೇ ಬಂದು ಈ ಕೈಯಲ್ಲಿ ಇಟ್ಟಿದ್ದರು. ನಮ್ಮವ್ವ ವೀರವ್ವ ಹೌಹಾರಿದಳು: "ಹೆಣ್ಣ ಕೂಸಿನ ಐಬು ಯಾರರ ಕಾಗದದಾಗ ಬರದಿಡತಾರೇನು? ನಾಳೆ ಕನ್ಯಾ ನೋಡಾಕ ಬಂದವ್ರಿಗೆ ಊರ ಮಂದಿ ಮೊದಲ ಅದನ್ನ ಹೇಳತಾರ!" ತೀರಿಹೋದ ಅವ್ವನ ಮೇಲೆ ಹಾಕುವುದು ಸುಲಭ. ಚೀಟಿಯನ್ನು ಒಲೆಗೆ ಹಾಕಿದವನು ನಾನು. "ಯಾರ ಮುಂದೂ ಹೇಳಬ್ಯಾಡ್ರಿ ಮಾಸ್ತರ" ಎಂದು ಕೈ ಹಿಡಿದವನೂ ನಾನೇ. ಅವರು ಆರು ವರ್ಷ ಆ ಮಾತು ಉಳಿಸಿದರು. ಇಂದು ಬೆಳಿಗ್ಗೆಯೂ ಉಳಿಸಿದರು.

ಮುಜಾಫರನ ಬಾಯಿಪಟ್ಟಿ ನೋಡಿ ನಾನು ನಕ್ಕೆನಲ್ಲ, ಆಗ ನನ್ನ ಮಗಳು ನನ್ನ ಬೆರಳು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳೂ ನಕ್ಕಿದ್ದಳು.

ವಾಣಿಶ್ರೀ, ಮಾಸ್ತರರದೇನೂ ತಪ್ಪಿಲ್ಲವ್ವಾ. ತಪ್ಪು ನಂದು.

ತಾಯಂದಿರೇ, ಇಂದಿನ ಚೀಟಿಗಳನ್ನು ಮಾಸ್ತರರು ನಿಮ್ಮ ಕೈಗೇ ಕೊಡುತ್ತಾರೆ. ಅವುಗಳಲ್ಲಿ ನನ್ನ ಮಗಳದೂ ಒಂದಿದೆ. ಮಾಸ್ತರರೇ, ಅದನ್ನು ನನ್ನ ಕೈಗೆ ಕೊಡಬೇಡಿ. ಅವಳಿಗೇ ಕೊಡಿ. ಈಗಷ್ಟೇ ಎದ್ದು ಹೊರಗೆ ಹೋದಳು. ಗೇಟಿನ ತನಕ ಹೋಗಿರಬಹುದು.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ನಮಸ್ಕಾರ.